ಮೊದಲನೆಯದು ಇಲ್ಲದ ಸ್ಲೈಡ್

ಮನೆ, ಅಡುಗೆಮನೆಯ ಮೇಜು
ಮಾರ್ಚ್ ೯, ಭಾನುವಾರ ಬೆಳಿಗ್ಗೆ

ಪ್ರೀತಿಯ ನನ್ನ ಸರಸರಾ,

ಹೇಗಿದ್ದೀಯ? ಕೆಮ್ಮು ಹೋಯಿತೇ? ಅಪ್ಪನ ಹತ್ತಿರ ಫೋನಿನಲ್ಲಿ "ಹೋಯ್ತು" ಅಂದೆಯಂತೆ. ಆದರೆ ಆ ಒಂದು ಮಾತು ಹೇಳಿ ಮುಗಿಸುವಷ್ಟರಲ್ಲಿ ಎರಡು ಸಲ ಕೆಮ್ಮಿದೆ ಎಂದು ಅವರು ನನಗೆ ವರದಿ ಕೊಟ್ಟಿದ್ದಾರೆ. ಬೆಳಗಿನಿಂದ ಸಂಜೆಯವರೆಗೆ ಕಂಡಕಂಡವರ ತೋಳಿಗೆ ಸೂಜಿ ಚುಚ್ಚಿ ರಕ್ತ ತೆಗೆಯುವ ಕೆಲಸ, ಬಂದವರಲ್ಲಿ ಅರ್ಧ ಜನ ನಿನ್ನ ಮುಖಕ್ಕೇ ಕೆಮ್ಮುತ್ತಾರೇನೋ. ಬಿಸಿನೀರು ಕುಡಿ. ಕಿಟಕಿಯ ಪಕ್ಕದ ಮಂಚದಲ್ಲಿ ಮಲಗಬೇಡ. ನಾವಿಬ್ಬರೂ ಚೆನ್ನಾಗಿದ್ದೇವೆ. ಅಪ್ಪನ ಮಂಡಿ ಅವರಿಗಿಂತ ಜಾಸ್ತಿ ಮಾತಾಡುತ್ತದೆ, ಏಳುವಾಗ ಕಟಕಟ, ಕೂರುವಾಗ ಕಟಕಟ. ನನ್ನ ಕಣ್ಣಿಗೆ ಹೊಸ ಕನ್ನಡಕ ಬಂದಿದೆ. ಹಾಕಿಕೊಂಡರೆ ಶಾಲೆ ಇನ್ಸ್‌ಪೆಕ್ಟರ್ ಥರ ಕಾಣುತ್ತೀಯ ಎಂದು ನಿಮ್ಮಪ್ಪ ನಗುತ್ತಾರೆ. ನಗಲಿ. ಆ ಕನ್ನಡಕದಿಂದ ನಾನು ಏನೇನು ನೋಡಿದೆ ಎಂದು ತಿಳಿಸಲಿಕ್ಕೇ ಈ ಕಾಗದ.

ಲ್ಯಾಬಿನ ಸುದ್ದಿ ಎತ್ತಿದರೆ ಫೋನ್ ಇಟ್ಟುಬಿಡುತ್ತೇನೆ ಎಂದು ನೀನು ಹೇಳಿ ಹತ್ತು ತಿಂಗಳಾಯಿತು. ನಾನೂ ಎತ್ತಲಿಲ್ಲ. ಹವಾಮಾನ, ಮಂಡಿ, ಪಕ್ಕದ ಮನೆಯ ನಾಯಿ, ಇಷ್ಟರಲ್ಲೇ ಹತ್ತು ತಿಂಗಳು ಕಳೆದೆವು. ಕಾಗದವನ್ನಾದರೆ ನೀನು ಇಟ್ಟುಬಿಡಲಾರೆ. ಇಟ್ಟರೂ ಮತ್ತೆ ಎತ್ತಿಕೊಳ್ಳುತ್ತೀಯ, ನಿನ್ನ ಕುತೂಹಲ ನನಗೆ ಗೊತ್ತಿಲ್ಲವೇ. ಆದ್ದರಿಂದ ಕುಳಿತುಕೊಂಡು ಓದು, ಒಂದು ಸಾಲನ್ನೂ ಹಾರಿಸಬೇಡ. ಇಸ್ತ್ರಿಗೆ ಏನಾಯಿತು ಎಂದು ನಿನಗೆ ಹೇಳಬೇಕು. ಹೇಳದೆ ನನಗೆ ಊಟ ಸೇರುತ್ತಿಲ್ಲ.

ಇಸ್ತ್ರಿ ಎಂಬ ಹೆಸರು ನೀನೇ ಇಟ್ಟದ್ದು, ಅಷ್ಟರಮಟ್ಟಿಗೆ ಆ ಮನುಷ್ಯ ನಿನಗೆ ಋಣಿಯಾಗಿರಬೇಕು. ನಾನು ಮೂವತ್ತೊಂದು ವರ್ಷ ಆ ಇಲಾಖೆಯ ಮೈಕ್ರೋಸ್ಕೋಪ್ ಕೋಣೆ ನೋಡಿಕೊಂಡಿದ್ದೇನೆ. ಎಷ್ಟೋ ಪ್ರೊಫೆಸರುಗಳ ಬಿಳಿ ಕೋಟು ಕಂಡಿದ್ದೇನೆ. ಒಬ್ಬರ ತೋಳಿನಲ್ಲಿ ಬಣ್ಣದ ಕಲೆ, ಇನ್ನೊಬ್ಬರ ಜೇಬಿನಲ್ಲಿ ಸುಟ್ಟ ತೂತು. ನಿನ್ನ ಗೈಡ್ ಆಗಿದ್ದ ಈತನ ಕೋಟಿನಲ್ಲಿ ಮಾತ್ರ ಗೆರೆ ಮುರಿಯದ ಇಸ್ತ್ರಿ, ಏಕೆಂದರೆ ಆ ಕೋಟು ಯಾವತ್ತೂ ಮೇಜಿನ ಹತ್ತಿರ ಬಂದದ್ದೇ ಇಲ್ಲ. ಕೆಲಸ ಮಾಡಿದ್ದು ನೀನು. ಇಲಿಯ ಗುಲ್ಮದ, ಅದೇ ಸ್ಪ್ಲೀನಿನ, ತೆಳು ಸೀಳುಗಳನ್ನು ಗಾಜಿನ ಮೇಲೆ ಕೂರಿಸಿ, ಆತನ ಅಚ್ಚುಮೆಚ್ಚಿನ ಪ್ರೋಟೀನು ಜೀವಕೋಶದ ಯಾವ ಮೂಲೆಯಲ್ಲಿದೆ ಎಂದು ಎರಡು ವರ್ಷ ಹುಡುಕಿದೆ. ಜೀವಕೋಶದ ಅಂಚಿನಲ್ಲಿ ಹಸಿರು ಬಳೆಯಂತೆ ಕಾಣಿಸಿತು. ಅಂಚಿನಲ್ಲಿದ್ದರೆ ಔಷಧಿ ಹೊರಗಿನಿಂದಲೇ ಮುಟ್ಟಬಹುದು ಎಂದು ಆತ ಕುಣಿದಾಡಿದ, ವಿಜ್ಞಾನ ಪತ್ರಿಕೆಯಲ್ಲಿ ಹಾಕಿಸಿದ, ಬಳೆಯ ಚಿತ್ರಕ್ಕೆ ಚೌಕಟ್ಟು ಹಾಕಿ ಗೋಡೆಗೆ ನೇತುಹಾಕಿದ. ನೀನು ಮಾತ್ರ "ಸರ್, ಮೊದಲನೆಯ ಆ್ಯಂಟಿಬಾಡಿ ಹಾಕದ ಸ್ಲೈಡಲ್ಲೂ ಬಳೆ ಬರ್ತಿದೆ, ಏನೋ ತಪ್ಪಾಗಿದೆ" ಎಂದೆ. "ನೀನು ಸರಿಯಾಗಿ ತೊಳೆದಿಲ್ಲ, ಎಸೆದುಬಿಡು ಅದನ್ನ" ಎಂದ ಮಹಾನುಭಾವ. ಆಮೇಲೆ ಬೇರೆ ಊರಿನವರು ತಮ್ಮಲ್ಲಿದ್ದ ಬೇರೆ ಆ್ಯಂಟಿಬಾಡಿಯಿಂದ ಅದನ್ನೇ ಹುಡುಕಿ ಬಳೆ ಸಿಗಲಿಲ್ಲ ಎಂದು ಬರೆದಾಗ, ಅದೇ ಬಾಯಲ್ಲಿ, ಅಂಥ ಸ್ಲೈಡನ್ನು ಹುಡುಗಿ ಮಾಡಿಯೇ ಇರಲಿಲ್ಲ, ನನಗೆ ಮೋಸ ಮಾಡಿದಳು ಎಂದ. ಆ ಸ್ಲೈಡ್ ಇಟ್ಟಿದ್ದ ನಿನ್ನ ಪೆಟ್ಟಿಗೆ ಎಷ್ಟು ಹುಡುಕಿದರೂ ಸಿಗಲಿಲ್ಲ. ವಿಚಾರಣೆಯ ವರದಿ ಬಂತು. ಅದರಲ್ಲಿದ್ದ ಆ ಒಂದು ವಾಕ್ಯ ನನಗೆ ಬಾಯಿಪಾಠ: "ತೊಳೆಯುವ ಹಂತದಲ್ಲಿ ವಿದ್ಯಾರ್ಥಿನಿಗೆ ಸಹನೆ ಕಡಿಮೆ ಎಂಬುದು ಇಲಾಖೆಯ ಹಿರಿಯ ಸಿಬ್ಬಂದಿಯೊಬ್ಬರ ಅನುಭವ." ನೀನು ಇದೇ ಅಡುಗೆಮನೆಯಲ್ಲಿ ನಿಂತು ಅದನ್ನು ಗಟ್ಟಿಯಾಗಿ ಓದಿ "ಯಾರಮ್ಮ ಇದನ್ನ ಹೇಳಿದ್ದು?" ಎಂದು ಕೇಳಿದೆ. ನಾನು ಲೋಟ ತೊಳೆಯುತ್ತಾ "ಯಾರೋ ಹೊಟ್ಟೆಕಿಚ್ಚಿನವರು" ಎಂದೆ. ಮರುವಾರ ನೀನು ಬಟ್ಟೆಬರೆ ಕಟ್ಟಿಕೊಂಡು ಊರು ಬಿಟ್ಟೆ.

ಆವತ್ತೇ ನಾನು ಮನಸ್ಸಿನಲ್ಲಿ ಇಬ್ಬರನ್ನು ಬರೆದಿಟ್ಟುಕೊಂಡೆ. ಒಂದು ಇಸ್ತ್ರಿ. ಇನ್ನೊಂದು ಆ ವಾಕ್ಯ ಹೇಳಿದವರು. ಇಬ್ಬರನ್ನೂ ಬಿಡುವುದಿಲ್ಲ ಎಂದುಕೊಂಡೆ. ಎರಡನೆಯವರ ಸಂಗತಿ ಆಮೇಲೆ, ಮೊದಲು ಇಸ್ತ್ರಿಯದು.

ಮೊದಮೊದಲು ನನ್ನ ಸೇಡೆಲ್ಲ ಚಿಲ್ಲರೆಯದು, ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ಆತ ಕೂರುವ ಕುರ್ಚಿಯ ಗಾಲಿಗೆ ಎಣ್ಣೆ ಬಿಡುವುದನ್ನು ನಿಲ್ಲಿಸಿದೆ. ಈಗ ಅದು ಹಂದಿಮರಿಯಂತೆ ಕಿರುಚುತ್ತದೆ. ಮೈಕ್ರೋಸ್ಕೋಪಿಗೆ ಹೆಸರು ಬರೆಸಲು ಬಂದರೆ "ಖಾಲಿ ಇಲ್ಲ ಸರ್" ಎಂದು ಊಟದ ಹೊತ್ತಿಗೇ ಸಮಯ ಕೊಟ್ಟೆ. ಚಹಾ ಕೇಳಿದರೆ ಆರಿಸಿ ಕೊಟ್ಟೆ. ನಿಮ್ಮಪ್ಪ ಇದನ್ನೆಲ್ಲ ಕೇಳಿ "ಹೀಗೆ ಚುಚ್ಚುತ್ತಾ ಕೂತ್ರೆ ಅವನು ಸಾಯೋದಕ್ಕೆ ಇನ್ನೂರು ವರ್ಷ ಬೇಕು" ಎಂದರು. ಹಾಳಾಗಿ ಹೋಗಲಿ, ನನ್ನ ಕೈಯಲ್ಲಿ ಬೇರೇನಿತ್ತು ಹೇಳು? ಹೋದವಳು ನೀನು. ಆತ ದಿನಾ ಬೆಳಿಗ್ಗೆ ನನ್ನೆದುರೇ ನಗುನಗುತ್ತಾ ನಡೆದು ಹೋಗುತ್ತಿದ್ದ, "ಮಗಳು ಹೇಗಿದಾಳೆ?" ಎಂದು ಬೇರೆ ಕೇಳುತ್ತಿದ್ದ. ಚೆನ್ನಾಗಿದಾಳೆ ಸರ್ ಎಂದು ಹೇಳಿ ಆವತ್ತಿನ ಚಹಾವನ್ನು ಇನ್ನಷ್ಟು ತಣ್ಣಗೆ ಮಾಡುತ್ತಿದ್ದೆ.

ಜನವರಿಯಲ್ಲಿ ಹಿಂದಿನ ಕೋಣೆಯ ದೊಡ್ಡ ಫ್ರೀಜರ್ ಕೆಟ್ಟಿತು. ಅದರ ಮಂಜು ಕರಗಿಸಿ ಒರೆಸುವ ಕೆಲಸ ವರ್ಷಕ್ಕೊಮ್ಮೆ ನನ್ನದೇ. ಎರಡು ವರ್ಷದಿಂದ ನಾಳೆ ನಾಡಿದ್ದು ಎನ್ನುತ್ತಾ ತಳ್ಳಿದ್ದೆ. ಬಾಗಿಲು ತೆಗೆದಿಟ್ಟು, ನೆಲಕ್ಕೆ ಹಳೇ ಟವೆಲು ಹಾಸಿ, ಮಂಜು ಕರಗುವುದನ್ನು ಕಾಯುತ್ತಾ ಕೂತೆ. ಮಧ್ಯಾಹ್ನದ ಹೊತ್ತಿಗೆ ಹಿಂಬದಿಯ ಗೋಡೆಯಿಂದ ಒಂದು ದಪ್ಪ ಹಲಗೆ ಮಂಜು ಧೊಪ್ಪೆಂದು ಬಿತ್ತು. ಅದರೊಳಗೆ ನೀಲಿ ಬಣ್ಣದ ಸ್ಲೈಡ್ ಪೆಟ್ಟಿಗೆ. ಮುಚ್ಚಳದ ಮೇಲೆ ನಿನ್ನ ಅಕ್ಷರ. ನೀನು ಎಸೆದಿರಲಿಲ್ಲ, ಸರಿಯಾದ ಜಾಗದಲ್ಲೇ ಇಟ್ಟಿದ್ದೆ. ಮಂಜು ಬೆಳೆದು ನುಂಗಿತ್ತು. ವಿಚಾರಣೆಯವರು ಪೆಟ್ಟಿಗೆ ಎಲ್ಲಿ ಎಂದು ಕೇಳುತ್ತಿದ್ದಾಗ ಅದು ನನ್ನ ಕುರ್ಚಿಯಿಂದ ಹತ್ತು ಹೆಜ್ಜೆ ದೂರದಲ್ಲಿತ್ತು. ಮುಚ್ಚಳ ತೆಗೆದೆ. ಸ್ಲೈಡಿನ ಮೇಲೆ ಪೆನ್ನಿನಲ್ಲಿ ಬರೆದರೆ ಸ್ಪಿರಿಟ್ಟಿಗೆ ಅಳಿಸಿಹೋಗುತ್ತದೆ, ಪೆನ್ಸಿಲ್‌ನಲ್ಲಿ ಬರಿ ಎಂದು ನಿನಗೆ ಹೇಳಿಕೊಟ್ಟವಳು ನಾನೇ. ನಾಲ್ಕನೆಯ ಸ್ಲೈಡಿನ ಒರಟು ಅಂಚಿನ ಮೇಲೆ ಪೆನ್ಸಿಲ್‌ನಲ್ಲಿ, ತಾರೀಖಿನ ಸಮೇತ, "ಮೊದಲನೆಯದು ಇಲ್ಲ" ಎಂದು ಇತ್ತು.

ಕೋಣೆಯ ಪರದೆ ಎಳೆದು ಮೈಕ್ರೋಸ್ಕೋಪಿನ ಕೆಳಗೆ ಇಟ್ಟೆ. ಬಣ್ಣ ಮಾಸಿತ್ತು, ಆದರೂ ಬಳೆ ಇತ್ತು. ಆಗ ನನಗೆ ಮೊದಲು ಬಂದದ್ದು ಯಾರ ಮೇಲೆ ಸಿಟ್ಟು ಗೊತ್ತೇ? ನಿನ್ನ ಮೇಲೆ. ತೊಳೆದಿಲ್ಲ ಹುಡುಗಿ, ಇಸ್ತ್ರಿ ಹೇಳಿದ್ದೇ ಸರಿ ಎಂದುಕೊಂಡೆ. ಬೈದುಕೋ, ಹಾಗೇ ಅಂದುಕೊಂಡೆ. ನೋಡಲು ಬರುವ ಶಾಲಾ ಮಕ್ಕಳಿಗೆ ನಾನೇ ಎಷ್ಟು ಸಲ ಹೇಳಿಲ್ಲ: ಮೊದಲನೆಯ ಆ್ಯಂಟಿಬಾಡಿ ಹೋಗಿ ಬೇಕಾದ ಪ್ರೋಟೀನನ್ನು ಮಾತ್ರ ಹಿಡಿದುಕೊಳ್ಳುತ್ತದೆ, ಅದಕ್ಕೆ ಬೆಳಕಿಲ್ಲ. ಎರಡನೆಯದಕ್ಕೆ ಬೆಳಕಿದೆ, ಅದು ಮೊದಲನೆಯದನ್ನು ಹಿಡಿಯುತ್ತದೆ. ಹಿಡಿಯದೆ ಉಳಿದದ್ದನ್ನೆಲ್ಲ ತೊಳೆದು ತೆಗೆಯಬೇಕು. ಮೊದಲನೆಯದೇ ಇಲ್ಲದಿದ್ದರೆ ಎರಡನೆಯದಕ್ಕೆ ಹಿಡಿಯಲು ಏನೂ ಇಲ್ಲ, ತೊಳೆದರೆ ಪೂರ್ತಿ ಹೋಗಿ ಕತ್ತಲಾಗಬೇಕು. ಕತ್ತಲಾಗದಿದ್ದರೆ ತೊಳೆದಿಲ್ಲ ಎಂದೇ ಅರ್ಥ. ಇದು ನನ್ನ ಮೂವತ್ತೊಂದು ವರ್ಷದ ಬುದ್ಧಿ.

ತೋರಿಸುತ್ತೇನೆ ತೊಳೆಯುವುದೆಂದರೆ ಏನು ಎಂದು ಹಠ ಹತ್ತಿತು. ನಾನೇ ಹೊಸ ಸ್ಲೈಡ್ ಮಾಡಿದೆ, ಮೊದಲನೆಯದು ಹಾಕದೆ. ಐದು ನಿಮಿಷದಂತೆ ಮೂರು ಸಲ ತೊಳೆದೆ. ಬಳೆ ಬಂತು. ಮರುದಿನ ಹತ್ತು ನಿಮಿಷದಂತೆ ಆರು ಸಲ. ಬಳೆ. ಮೂರನೆಯ ದಿನ ಇಡೀ ಬೆಳಗು ಅಲುಗಾಡಿಸುವ ತಟ್ಟೆಯ ಮೇಲೆ ಬಿಟ್ಟು, ಮಗು ತೊಟ್ಟಿಲಲ್ಲಿ ಮಲಗಿದ ಹಾಗೆ ಪಕ್ಕದಲ್ಲೇ ಕೂತು ಕಾದೆ. ನಿನ್ನ ಚಿತ್ರದಲ್ಲಿದ್ದ ಅದೇ ಬಳೆ ನನ್ನ ಮುಖಕ್ಕೇ ಹಸಿರಾಗಿ ನಗುತ್ತಾ ಕೂತಿತ್ತು. ಹೊಸ ಕನ್ನಡಕ ಹಾಕಿಕೊಂಡು ಸೀಸೆಗಳ ಮೇಲಿನ ಸಣ್ಣಕ್ಷರ ಓದಿದೆ. ಮೊದಲನೆಯದು ಇಲಿಯಲ್ಲಿ ತಯಾರಾದದ್ದು. ಎರಡನೆಯದು ಇಲಿಯ ಆ್ಯಂಟಿಬಾಡಿ ಎಲ್ಲಿ ಕಂಡರೂ ಹಿಡಿಯುವಂಥದ್ದು. ನಾವು ಬಣ್ಣ ಹಾಕುತ್ತಿದ್ದದ್ದು ಇಲಿಯ ಗುಲ್ಮಕ್ಕೆ! ಇಲಿಯ ಮೈಯಲ್ಲಿ ಇಲಿಯದೇ ಆ್ಯಂಟಿಬಾಡಿ ಇರದೆ ಇನ್ನೇನಿರುತ್ತದೆ? ಜೀವಕೋಶಗಳ ನಡುವಿನ ಸಂದಿಯಲ್ಲೆಲ್ಲ ಅದೇ ತುಂಬಿದೆ, ಎರಡನೆಯದು ಅದನ್ನೇ ಹಿಡಿದುಕೊಂಡು ಬೆಳಗಿದೆ. ಎಷ್ಟು ತೊಳೆದರೆ ಏನು ಬಂತು. ಮೊಲದಲ್ಲಿ ಮಾಡಿದ್ದು ತರಿಸೋಣ ಎಂದು ನೀನು ಕೇಳಿದ್ದೆ, ಇಸ್ತ್ರಿ ಬೇಡವೆಂದಿದ್ದ. ಇದೂ ಆಗ ನೆನಪಾಯಿತು. ಆ ಕತ್ತಲೆ ಕೋಣೆಯಲ್ಲಿ ಒಬ್ಬಳೇ ಕೂತು ಅತ್ತುಬಿಟ್ಟೆ ಸರಸರಾ. ಅತ್ತು ಮುಗಿದ ಮೇಲೆ ಎದ್ದದ್ದು ಬೇರೆ ಹೆಂಗಸು.

ನೆಟ್ಟಗೆ ಪಕ್ಕದ ಲ್ಯಾಬಿನ ಮೇಡಂ ಹತ್ತಿರ ಹೋದೆ. ಸದಾ ಮೊಲದ ಆ್ಯಂಟಿಬಾಡಿಯನ್ನೇ ಬಳಸುತ್ತಾರೆಂದು ನೀನು ಮೊಲದ ಮೇಡಂ ಎಂದು ಕರೆಯುತ್ತಿದ್ದೆಯಲ್ಲ, ಅವರೇ. ಅವರು ಇಸ್ತ್ರಿಯ ಪ್ರೋಟೀನಿಗೆ ಮೊಲದಲ್ಲಿ ಮಾಡಿದ್ದನ್ನು ಯಾರಿಂದಲೋ ತರಿಸಿಕೊಟ್ಟರು. ನಾನು ಬಣ್ಣ ಹಾಕಿದೆ, ಅವರು ನೋಡಿದರು. ಅಂಚಿನಲ್ಲಿ ಬಳೆಯೂ ಇಲ್ಲ ಗಿಳೆಯೂ ಇಲ್ಲ. ಒಳಗೆ, ನ್ಯೂಕ್ಲಿಯಸ್ಸಿನ ಪಕ್ಕದಲ್ಲಿ, ಸಾಸಿವೆ ಚೆಲ್ಲಿದ ಹಾಗೆ ಸಣ್ಣ ಸಣ್ಣ ಚುಕ್ಕೆಗಳು. ಮೊದಲನೆಯದು ಹಾಕದ ಸ್ಲೈಡು ಕಗ್ಗತ್ತಲು. ಮೇಡಂ ಎರಡೂ ಸ್ಲೈಡನ್ನು ಇನ್ನೊಮ್ಮೆ ಇಟ್ಟು ನೋಡಿದರು. ಆಮೇಲೆ "ನಿಮ್ಮ ಮಗಳು ಹೇಳಿದ್ದನ್ನ ನಾವ್ಯಾರೂ ಕೇಳ್ಲಿಲ್ಲ" ಎಂದರು. ದೂರು ಬರೆದುಕೊಡಿ, ನಾನೂ ಸಹಿ ಹಾಕ್ತೀನಿ ಎಂದರು. ದೂರು ಬರೆದರೆ ಆತ ಇನ್ನೊಂದು ವಿಚಾರಣೆ ಮಾಡಿಸಿ, ಇನ್ನೊಂದು ವಾಕ್ಯ ಬರೆಸಿ, ಕೋಟು ಕೊಡವಿಕೊಂಡು ಹೋಗುತ್ತಾನೆ. ನನಗೆ ಅದು ಬೇಡವಾಗಿತ್ತು. ಆತನ ಮುಖ ನೋಡಬೇಕಾಗಿತ್ತು.

ಕಳೆದ ಬುಧವಾರ ಹನ್ನೊಂದು ಗಂಟೆಗೆ ಆ ಮುಖ ನೋಡಿದೆ. ಇಲಾಖೆಯ ಪರಿಶೀಲನೆಗೆ ಹೊರಗಿನಿಂದ ಐದು ಜನ ಹಿರಿಯರು ಬಂದಿದ್ದರು. ಗೋಡೆಯ ಪರದೆಯ ಮೇಲೆ ಬಳೆ ತೋರಿಸಿ ಮೆರೆಯಬೇಕೆಂದು ಇಸ್ತ್ರಿಗೆ ಆಸೆ. "ಚೆನ್ನಾಗಿರೋದೊಂದು ಹಾಕಮ್ಮ" ಎಂದು ನನಗೇ ಅಪ್ಪಣೆ. ಹಾಕಿದೆ. ಹಿಂದಿನ ದಿನ ಮೊಲದ ಮೇಡಂ ಎದುರಿಗೆ ನಾನೇ ಮಾಡಿ ತೊಳೆದ, ಮೊದಲನೆಯದು ಇಲ್ಲದ ಸ್ಲೈಡು. ತೊಳೆದ ಒಂದೊಂದು ಸಲವೂ ಅವರು ಗಂಟೆ ನಿಮಿಷ ಬರೆದು ಸಹಿ ಹಾಕಿದ್ದರು. ಆತ ಕಡ್ಡಿ ಹಿಡಿದು "ನೋಡಿ, ಒಂದೊಂದು ಜೀವಕೋಶಕ್ಕೂ ಹಸಿರು ಬಳೆ. ಇಷ್ಟು ಸ್ಪಷ್ಟವಾಗಿ ನಮ್ಮಲ್ಲಿ ಮಾತ್ರ ಕಾಣ್ಸುತ್ತೆ" ಎಂದು ಹೊಗಳಿಕೊಂಡ. ಹೊಗಳಲಿ ಎಂದು ಬಿಟ್ಟೆ, ಮೇಲಕ್ಕೆ ಹತ್ತಿದಷ್ಟೂ ನನಗೆ ಒಳ್ಳೆಯದೇ. ಬಂದವರಲ್ಲಿ ಒಬ್ಬರು ಬಿಳಿಕೂದಲಿನ ಹಿರಿಯ ಹೆಂಗಸು, ಮೊದಲನೆಯದು ಹಾಕದ ಸ್ಲೈಡನ್ನೂ ತೋರಿಸಿ ಎಂದರು. ಇಸ್ತ್ರಿ ನಕ್ಕು "ಅದು ಬರೀ ಕತ್ತಲು ಮೇಡಂ, ತೋರಿಸೋಕೇನೂ ಇರಲ್ಲ" ಎಂದ. ನಾನು ಕುರ್ಚಿಯಿಂದ ಎದ್ದು "ಸರ್, ನೀವು ತೋರಿಸ್ತಿರೋದೇ ಅದು" ಎಂದೆ.

ಆಗ ನನಗಾದ ಸಂತೋಷ ನಿನ್ನನ್ನು ಹೆತ್ತಾಗಲೂ ಆಗಿರಲಿಲ್ಲ. ಬೇಜಾರು ಮಾಡಿಕೊಳ್ಳಬೇಡ, ಆಗ ನೋವಿತ್ತು. ಇಸ್ತ್ರಿಯ ಕೈಯ ಕಡ್ಡಿ ಪರದೆಯ ಮೇಲೆ ಹಾಗೇ ನಿಂತಿತು. ಆಮೇಲೆ "ಸರಿಯಾಗಿ ತೊಳೆದಿಲ್ಲ ಅನ್ಸುತ್ತೆ" ಎಂದ, ಅದೇ ಹಳೆಯ ಮಾತು! "ತೊಳೆದದ್ದು ನಾನು ಸರ್" ಎಂದೆ. ನಾನು ತೊಳೆಯುವುದರ ಬಗ್ಗೆ ಆ ಕಟ್ಟಡದಲ್ಲಿ ಯಾರೂ ಉಸಿರೆತ್ತುವ ಹಾಗಿಲ್ಲ, ಅದು ಆತನಿಗೂ ಗೊತ್ತು. ಮೊಲದ ಮೇಡಂ ತಾವು ಸಹಿ ಹಾಕಿದ ಪುಸ್ತಕ ಮುಂದಿಟ್ಟರು. ಆಗ ಆತ ನನ್ನ ಕಡೆ ತಿರುಗಿ ಇನ್ನೊಂದು ಮಾತು ಹೇಳಿದ, ಅದು ಈಗ ಬೇಡ. ನಾನು ನಿನ್ನ ಹಳೆಯ ಸ್ಲೈಡು ಹಾಕಿದೆ. ಮಸುಕಾಗಿ ಅದೇ ಬಳೆ. ಆಮೇಲೆ ಅದನ್ನು ಹೊರತೆಗೆದು ಬಿಳಿಕೂದಲಿನವರ ಕೈಗೇ ಕೊಟ್ಟೆ. ಅವರು ಕನ್ನಡಕ ಮೇಲೆತ್ತಿ ನಿನ್ನ ಪೆನ್ಸಿಲ್ ಅಕ್ಷರವನ್ನೂ ತಾರೀಖನ್ನೂ ಗಟ್ಟಿಯಾಗಿ ಓದಿದರು. ಪತ್ರಿಕೆಗೆ ಕಳಿಸುವ ನಾಲ್ಕು ತಿಂಗಳ ಮುಂಚಿನ ತಾರೀಖು. ಎಲ್ಲರೂ ಇಸ್ತ್ರಿಯನ್ನು ನೋಡಿದರು. ಆತ ಕುಸಿದು ಕುರ್ಚಿಯಲ್ಲಿ ಕೂತ. ಕುರ್ಚಿ ಕೀರ್ ಎಂದು ಕಿರುಚಿತು. ಎಣ್ಣೆ ಬಿಡದೆ ಇದ್ದದ್ದು ಸಾರ್ಥಕವಾಯಿತು.

ಪೆಟ್ಟಿಗೆಗೆ ಮೊಹರು ಹಾಕಿ ತೆಗೆದುಕೊಂಡು ಹೋಗಿದ್ದಾರೆ. ವಿಚಾರಣೆ ಮತ್ತೆ ಶುರುವಾಗಿದೆ, ಗೋಡೆಯ ಚೌಕಟ್ಟು ಕೆಳಗಿಳಿದಿದೆ. ಇಸ್ತ್ರಿ ರಜೆಯ ಮೇಲೆ ಹೋಗಿದ್ದಾನೆ. ಹೋಗುವಾಗ ಕೋಟು ಮಡಚಿ ಕಂಕುಳಲ್ಲಿ ಇಟ್ಟುಕೊಂಡಿದ್ದ, ಪೂರ್ತಿ ಮುದುಡಿತ್ತು. ನೀನು ನೋಡಬೇಕಿತ್ತು. ನನಗೆ ಹೊಟ್ಟೆ ತಣ್ಣಗಾಯಿತು ಎಂದರೆ ತಣ್ಣಗಾಯಿತು. ದೊಡ್ಡ ಮನಸ್ಸು ಮಾಡಿ ಕ್ಷಮಿಸು ಎಂದು ನಿಮ್ಮಪ್ಪ ಹೇಳುತ್ತಾರೆ. ನನ್ನ ಮನಸ್ಸು ಅಷ್ಟು ದೊಡ್ಡದಿಲ್ಲ. ನಿನ್ನ ಎರಡು ವರ್ಷ ನುಂಗಿದವನಿಗೆ ಇದು ಕಡಿಮೆಯೇ.

ಊಟ ಬಿಡಬೇಡ, ನಿದ್ದೆಗೆಡಬೇಡ. ರಕ್ತ ಕೊಡಲು ಬರುವ ಮುದುಕರಿಗೆ ಮೆಲ್ಲಗೆ ಚುಚ್ಚು. ನಿನ್ನ ಹಣೆಗೆ ಅಂಟಿದ ಕೆಟ್ಟ ಹೆಸರು ಇನ್ನು ಕಳಚುತ್ತದೆ, ತಲೆಯೆತ್ತಿ ನಡೆ. ನೂರು ಕಾಲ ಚೆನ್ನಾಗಿರು ಮಗಳೇ. ಅಪ್ಪನ ಆಶೀರ್ವಾದ, ಅವರ ಮಂಡಿಯದೂ ಸೇರಿ.

ಇತಿ ನಿನ್ನ
ಅಮ್ಮ

ತಾ.ಕ.: ಅಪ್ಪ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದಾರೆ. ಕೈ ಚಾಚಿ "ಅದನ್ನ ಬರೆದ್ಯಾ?" ಎಂದು ಕೇಳಿದರು. ಬರೆದಿಲ್ಲ ಎಂದೆ. ಬರೆಯದೆ ಅಂಚೆ ಡಬ್ಬಿಗೆ ಹಾಕಲ್ಲ ಎನ್ನುತ್ತಾರೆ. ಇಸ್ತ್ರಿ ನನ್ನ ಕಡೆ ತಿರುಗಿ ಹೇಳಿದ ಮಾತು ಇದು: "ಅವಳು ಸರಿಯಾಗಿ ತೊಳೆಯಲ್ಲ ಅಂದಿದ್ದು ನೀವೇ ತಾನೇ?" ಹೌದು ಸರಸರಾ. ಆ ವಾಕ್ಯ ನನ್ನದು. ವರದಿಗೆ ಮುಂಚೆ ಆತ ನನ್ನ ಕೋಣೆಗೆ ಬಂದು, ನನ್ನ ಸ್ಟೂಲಿನ ಮೇಲೆ ಕೂತು, ಚಹಾ ಕುಡಿಯುತ್ತಾ, ಮಗಳು ಕೆಲಸದಲ್ಲಿ ಹೇಗೆ ಎಂದು ಕೇಳಿದ. ಅಷ್ಟು ದೊಡ್ಡವರು ಬಂದು ಕೂತರಲ್ಲ ಎಂದು ಹಿಗ್ಗಿ, "ಅವಳಿಗೆ ಎಲ್ಲದರಲ್ಲೂ ಅವಸರ ಸರ್, ತೊಳೆಯೋದ್ರಲ್ಲೂ ಅಷ್ಟೇ, ಚಿಕ್ಕಂದಿನಿಂದ ಸರಸರ ಅಂತಲೇ ಕರೀತೀವಿ" ಎಂದು ನಕ್ಕೆ. ಮರುದಿನ ವಿಚಾರಣೆಯವರು ಕರೆದು ಇದು ನಿಜವೇ ಎಂದರು. ಬರೀ ನಗುವಿನ ಮಾತಾಗಿದ್ದರೆ ಇಲ್ಲ ಎನ್ನಬಹುದಿತ್ತು. ನಿಜ ಎಂದೆ, ಏಕೆಂದರೆ ನಾನೂ ನಂಬಿದ್ದೆ. ಒಂದೇ ಒಂದು ಸ್ಲೈಡ್ ನೋಡದೆ ನಂಬಿದೆ. ಬುಧವಾರ ಎಲ್ಲರೆದುರು "ಹೌದು, ನಾನೇ ಹೇಳಿದ್ದು, ನೋಡದೆ ಹೇಳಿದ್ದು" ಎಂದು ಒಪ್ಪಿ ಬರೆದುಕೊಟ್ಟಿದ್ದೇನೆ. ಅದರ ಪ್ರತಿ ಗುರುವಾರದ ಹೊತ್ತಿಗೆ ನಿನಗೆ ಬರುತ್ತದೆ. ಆ ಲಕೋಟೆ ತೆರೆಯುವ ಮೊದಲು ನನ್ನ ಕೈಯಿಂದಲೇ ನಿನಗೆ ಗೊತ್ತಾಗಲಿ. ಇಬ್ಬರನ್ನೂ ಬಿಡುವುದಿಲ್ಲ ಎಂದುಕೊಂಡಿದ್ದೆ. ಒಬ್ಬನಿಗೆ ಮಾಡಬೇಕಾದ್ದು ಮಾಡಿದೆ. ಇನ್ನೊಬ್ಬಳು ಈ ಮೇಜಿನ ಮುಂದೆ ಕೂತಿದ್ದಾಳೆ, ಅವಳಿಗೆ ಏನು ಮಾಡಬೇಕೆಂದು ನೀನು ಹೇಳು. ಫೋನಿನಲ್ಲಿ ಬೇಡ. ಬಂದು ಹೇಳು.